ತಾಯಿ ಕಾರ್ಡ್ ಸಿಗುವುದಕ್ಕಿಂತ ಮೊದಲು



ವಿಜಯಪುರದ ನಮ್ಮ ಸ್ಟೇಷನ್ ರಸ್ತೆ ನಿಮ್ಮಲ್ಲಿ ಹಲವರಿಗೆ ಗೋಲ್ ಗುಂಬಜ್ ನೋಡಲು ಬಂದಾಗ ಪರಿಚಯವಾಗಿರಬಹುದು. ರೈಲು ಇಳಿದು ಗಾಂಧಿ ಚೌಕದ ಕಡೆಗೆ ಹೊರಟರೆ ಗುಂಬಜ್ ದಾರಿಯಲ್ಲೇ ಸಿಗುತ್ತದೆ. ಆದರೆ ಈ ರಸ್ತೆಯಲ್ಲಿ ಗುಂಬಜ್ ಕಡೆಗೆ ತಲೆ ಎತ್ತಿಯೂ ನೋಡದೆ ನಡೆದು ಹೋಗುವ ಜನರೂ ಇದ್ದಾರೆ. ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದವರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಆಸ್ಪತ್ರೆಯ ಚೀಟಿಗಳು, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ.

ಅಂಥ ಇಬ್ಬರನ್ನು ಕಳೆದ ತಿಂಗಳು ಒಂದು ಔಷಧ ಅಂಗಡಿಯ ಕಟ್ಟೆಯ ಮೇಲೆ ಕಂಡೆ. ಒಬ್ಬರು ಐವತ್ತು ದಾಟಿದ ಮಹಿಳೆ, ಇನ್ನೊಬ್ಬಳು ಇಪ್ಪತ್ತು ತುಂಬಿತೋ ಇಲ್ಲವೋ ಎಂಬಂಥ ಹುಡುಗಿ. ಹುಡುಗಿಯ ಮಡಿಲಲ್ಲಿ ಇಪ್ಪತ್ತು ದಿನದ ಮಗು. ಬಿಸಿಲಿದ್ದರೂ ಮಗುವನ್ನು ಎರಡು ದುಪಟ್ಟಾಗಳಲ್ಲಿ ಸುತ್ತಿದ್ದರು. ಮಾತಿಗೆ ಮಾತು ಬೆಳೆದು, ಹಿರಿಯಾಕೆ ದುಪಟ್ಟಾ ಸರಿಸಿ ಮಗುವಿನ ಬೆನ್ನು ತೋರಿಸಿದರು. ಸೊಂಟದ ಸ್ವಲ್ಪ ಮೇಲೆ ನಿಂಬೆಹಣ್ಣಿನ ಗಾತ್ರದ ಗುಳ್ಳೆ. ಅದರ ಮೇಲಿನ ಚರ್ಮ ತೆಳ್ಳಗೆ ಹೊಳೆಯುತ್ತಿತ್ತು. ಮಗು ಕೈಗಳನ್ನು ಆಡಿಸುತ್ತಿತ್ತು, ಕಾಲುಗಳನ್ನು ಮಾತ್ರ ಆಡಿಸುತ್ತಿರಲಿಲ್ಲ.

"ಗ್ರಹಣದಾಗ ಹೊರಗ ಬರಬ್ಯಾಡ, ಈಳಿಗಿ ಮುಟ್ಟಬ್ಯಾಡ ಅಂತ ಬಡಕೊಂಡೆರಿ ಆಪಾ. ಕೇಳಲಿಲ್ಲ. ಕುಂತು ಉಳ್ಳಾಗಡ್ಡಿ ಹೆಚ್ಚಿದಳು. ಈಗ ನೋಡ್ರಿ" ಎಂದರು ಅತ್ತೆ. ಸೊಸೆ ಏನೂ ಹೇಳಲಿಲ್ಲ. ತಲೆ ತಗ್ಗಿಸಿ ದುಪಟ್ಟಾವನ್ನು ಮತ್ತೆ ಎಳೆದುಕೊಂಡಳು.

"ಗ್ರಹಣ ಬಂದಾಗ ಎಷ್ಟನೇ ತಿಂಗಳು?" ಎಂದು ಕೇಳಿದೆ. "ಐದು ಮುಗಿದಿತ್ತು" ಎಂದಳು, ಬಹಳ ಸಣ್ಣ ದನಿಯಲ್ಲಿ.

ಸಹೋದರಿಯರೇ, ಈ ತಿಂಗಳ ಅಂಕಣವನ್ನು ಆ ಉತ್ತರಕ್ಕಾಗಿಯೇ ಬರೆಯುತ್ತಿದ್ದೇನೆ. ಮಗುವಿನ ಬೆನ್ನಿನ ಈ ದೋಷ ಐದನೇ ತಿಂಗಳಲ್ಲಿ ಆಗುವುದಿಲ್ಲ. ಮೂರನೇ ತಿಂಗಳಲ್ಲೂ ಅಲ್ಲ. ಗರ್ಭ ನಿಂತ ಮೊದಲ ಇಪ್ಪತ್ತೆಂಟು ದಿನಗಳಲ್ಲೇ ಅದು ಆಗಿಹೋಗಿರುತ್ತದೆ.

ಆ ದಿನಗಳಲ್ಲಿ ಭ್ರೂಣ ಅಕ್ಕಿ ಕಾಳಿಗಿಂತಲೂ ಚಿಕ್ಕದು. ಅದರ ಬೆನ್ನ ಉದ್ದಕ್ಕೂ ಒಂದು ಚಪ್ಪಟೆ ಪಟ್ಟಿ ಇರುತ್ತದೆ. ಎಲೆ ಸುರುಳಿ ಸುತ್ತಿಕೊಂಡಂತೆ ಅದರ ಎರಡೂ ಅಂಚುಗಳು ಮೇಲೆದ್ದು ಒಂದಕ್ಕೊಂದು ಕೂಡಿ ನಾಳವಾಗುತ್ತವೆ. ಈ ನಾಳವೇ ಮುಂದೆ ಮೆದುಳು ಮತ್ತು ಬೆನ್ನುಹುರಿ ಆಗುವುದು. ಕೆಳಗಡೆ ಎಲ್ಲೋ ಒಂದು ಕಡೆ ಕೂಡದೆ ಉಳಿದರೆ ನಾನು ನೋಡಿದಂಥ ಗುಳ್ಳೆ. ಮೇಲುಗಡೆ ಕೂಡದೆ ಉಳಿದರೆ ತಲೆಬುರುಡೆಯೇ ಬೆಳೆಯುವುದಿಲ್ಲ, ಅಂಥ ಮಗು ಬದುಕುವುದಿಲ್ಲ.

ಈಗ ಲೆಕ್ಕ ಹಾಕಿ. ಗರ್ಭ ನಿಂತ ಸುಮಾರು ಹದಿನಾಲ್ಕು ದಿನಕ್ಕೆ ಮುಟ್ಟು ತಪ್ಪುತ್ತದೆ. ಹೊಸ ಸೊಸೆ ನಾಚಿಕೊಂಡು ಒಂದು ವಾರ ಯಾರಿಗೂ ಹೇಳುವುದಿಲ್ಲ. ಆಮೇಲೆ ಗಂಡನಿಗೆ, ಆಮೇಲೆ ಅತ್ತೆಗೆ. ದೃಷ್ಟಿಯಾದೀತೆಂದು ಮೂರು ತಿಂಗಳು ತುಂಬುವವರೆಗೆ ಹೊರಗೆ ಯಾರಿಗೂ ಗೊತ್ತಾಗಬಾರದು. ಆಶಾ ಕಾರ್ಯಕರ್ತೆ ಬಂದು ಹೆಸರು ಬರೆದುಕೊಂಡು ತಾಯಿ ಕಾರ್ಡ್ ಕೊಡಿಸುವ ಹೊತ್ತಿಗೆ ಆ ನಾಳ ಕೂಡಿಯೂ ಆಗಿರುತ್ತದೆ, ಕೂಡದೆ ಉಳಿದೂ ಆಗಿರುತ್ತದೆ. ಆಮೇಲೆ ಮಾತ್ರೆಗಳನ್ನು ಎಷ್ಟು ನುಂಗಿದರೂ ಅವು ರಕ್ತಹೀನತೆಗೆ ಉಪಯೋಗ, ಬೆನ್ನುಹುರಿಗೆ ಅಲ್ಲ.

ಗ್ರಹಣದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಪ್ರವಾದಿ ಮುಹಮ್ಮದ್(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗಾಗಿ ಸೂರ್ಯನೂ ಮಂಕಾದ ಎಂದು ಜನ ಆಡಿಕೊಂಡರು. ಮಗನನ್ನು ಕಳೆದುಕೊಂಡ ತಂದೆ ಆ ಮಾತನ್ನು ಅಲ್ಲೇ ತಡೆದರು. ಸೂರ್ಯ ಚಂದ್ರರು ಅಲ್ಲಾಹನ ನಿದರ್ಶನಗಳು, ಯಾರ ಸಾವು ಬದುಕಿಗಾಗಿಯೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಸಿ ನಮಾಝ್ ಮಾಡಿದರು. ಬುಖಾರಿಯಲ್ಲಿ ಬಂದಿರುವ ಹದೀಸ್ ಇದು. ಗ್ರಹಣದ ನಮಾಝನ್ನು ನಾವು ಮರೆತಿದ್ದೇವೆ, ಈಳಿಗೆಯ ಹೆದರಿಕೆಯನ್ನು ಮಾತ್ರ ನೆರೆಹೊರೆಯಿಂದ ತಂದು ಜೋಪಾನವಾಗಿ ಇಟ್ಟುಕೊಂಡಿದ್ದೇವೆ! ಸೀಳು ತುಟಿಗೂ ಇದೇ ಆಪಾದನೆ. ತುಟಿ ಕೂಡುವುದು ಎರಡನೇ ತಿಂಗಳಿನೊಳಗೆ. ಆಗ ಎಷ್ಟೋ ಹೆಂಗಸರಿಗೆ ತಾನು ಗರ್ಭಿಣಿ ಎಂಬುದೇ ಖಚಿತವಾಗಿರುವುದಿಲ್ಲ.

ಹಾಗಾದರೆ ಕಾರಣವೇನು? ಒಂದೇ ಕಾರಣವಿಲ್ಲ. ವಂಶವಾಹಿಗಳ ಪಾಲಿದೆ, ತಾಯಿಯ ಸಕ್ಕರೆ ಕಾಯಿಲೆ, ಅಪಸ್ಮಾರದ ಕೆಲವು ಮಾತ್ರೆಗಳ ಪಾಲಿದೆ. ಆದರೆ ತಡೆಯಲು ನಮ್ಮ ಕೈಗೆ ಸುಲಭವಾಗಿ ಸಿಗುವ ಕಾರಣವೆಂದರೆ ಫೋಲಿಕ್ ಆಮ್ಲದ ಕೊರತೆ. ಇದು ಬಿ ಗುಂಪಿನ ಒಂದು ಜೀವಸತ್ವ.

ಈ ಕಾಯಿಲೆ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ದಾವಣಗೆರೆಯ ಮಕ್ಕಳ ತಜ್ಞ ಡಾ. ಎಂ.ಎಲ್. ಕುಲಕರ್ಣಿ ಮತ್ತು ಜೊತೆಗಾರರು 1980ರ ದಶಕದಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ಸಾಲಾಗಿ 3500 ಹೆರಿಗೆಗಳನ್ನು ಒಂದೂ ಬಿಡದೆ ಪರಿಶೀಲಿಸಿದರು. ಸಾವಿರಕ್ಕೆ 11.4 ಶಿಶುಗಳಲ್ಲಿ ಈ ನಾಳದ ದೋಷ ಕಂಡುಬಂತು. ಸಾವಿರಕ್ಕೆ ಒಂದೋ ಎರಡೋ ಇರಬಹುದೆಂದು ತಿಳಿದಿದ್ದವರಿಗೆ ಇದು ಆಘಾತ. ಲ್ಯಾನ್ಸೆಟ್‌ನಂಥ ವೈದ್ಯಕೀಯ ಪತ್ರಿಕೆ ಇದನ್ನು ಪ್ರಕಟಿಸಿತು. ಅವರು ಮಾಡಿದ್ದೇನು ಎಂದು ನೋಡಿದರೆ ಬಹಳ ಸರಳ: ಎಣಿಸಿದರು. ಅದಕ್ಕೂ ಮುಂಚೆ ಆ ಮಕ್ಕಳು ಹುಟ್ಟುತ್ತಿರಲಿಲ್ಲವೇ? ಹುಟ್ಟುತ್ತಿದ್ದರು. ದುಪಟ್ಟಾದೊಳಗೆ ಸುತ್ತಿ, ಸೆರಗಿನೊಳಗೆ ಮುಚ್ಚಿ, ಹಿತ್ತಿಲಲ್ಲಿ ಹೂತು ಮುಗಿಸುತ್ತಿದ್ದರು. ಯಾವ ಪುಸ್ತಕದಲ್ಲೂ ಬರೆಯುತ್ತಿರಲಿಲ್ಲ.

ಔಷಧ ಗೊತ್ತಾದದ್ದು 1991ರಲ್ಲಿ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳ 33 ಕೇಂದ್ರಗಳಲ್ಲಿ, ಹಿಂದೆ ಇಂಥ ಮಗು ಹೆತ್ತಿದ್ದ ತಾಯಂದಿರಿಗೆ ಗರ್ಭ ನಿಲ್ಲುವ ಮೊದಲಿನಿಂದಲೇ ಫೋಲಿಕ್ ಆಮ್ಲ ಕೊಟ್ಟು ನೋಡಿತು. ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ಕಡಿಮೆಯಾಯಿತು. ಫಲಿತಾಂಶ ಎಷ್ಟು ಸ್ಪಷ್ಟವಾಗಿತ್ತೆಂದರೆ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು, ಯಾರಿಗೂ ಮಾತ್ರೆ ಕೊಡದೆ ಇರುವುದು ನ್ಯಾಯವಲ್ಲ ಎಂದು.

ಆದರೆ ನನಗೆ ಹೆಚ್ಚು ಹಿಡಿಸಿದ್ದು ಚೀನಾದ ಕೆಲಸ. ಅಲ್ಲಿನ ಉತ್ತರದ ಪ್ರಾಂತ್ಯಗಳಲ್ಲೂ ಈ ದೋಷ ಬಹಳ ಇತ್ತು. 1993ರಿಂದ ಅಲ್ಲಿನ ಸರ್ಕಾರ ಅಮೆರಿಕದ ತಜ್ಞರೊಡನೆ ಸೇರಿ ಹೆಣ್ಣುಮಕ್ಕಳಿಗೆ ದಿನಕ್ಕೆ 400 ಮೈಕ್ರೋಗ್ರಾಂನ ಒಂದು ಮಾತ್ರೆ ಹಂಚಿತು. ಯಾವಾಗಿನಿಂದ? ಮದುವೆಗೆ ಮುಂಚಿನ ವೈದ್ಯಕೀಯ ತಪಾಸಣೆಯ ದಿನದಿಂದ, ಬಸಿರಿನ ಮೂರು ತಿಂಗಳು ಮುಗಿಯುವವರೆಗೆ. ಸುಮಾರು ಎರಡೂವರೆ ಲಕ್ಷ ತಾಯಂದಿರ ಲೆಕ್ಕ ಸಿಕ್ಕಿತು. ಉತ್ತರ ಭಾಗದಲ್ಲಿ ಹೊತ್ತಿಗೆ ಸರಿಯಾಗಿ, ತಪ್ಪಿಸದೆ ಮಾತ್ರೆ ತೆಗೆದುಕೊಂಡವರಲ್ಲಿ ದೋಷ ನೂರಕ್ಕೆ 85ರಷ್ಟು ಇಳಿಯಿತು. ದೊಡ್ಡ ಆಸ್ಪತ್ರೆಯಿಲ್ಲ, ಯಂತ್ರವಿಲ್ಲ. ಒಂದು ಚಿಕ್ಕ ಮಾತ್ರೆ, ಸರಿಯಾದ ಸಮಯ.

ಜಗತ್ತಿನ ಲೆಕ್ಕವನ್ನೂ ಒಂದು ಮಾತಿನಲ್ಲಿ ಹೇಳುವುದಾದರೆ, 2006ರಲ್ಲಿ ಮಾರ್ಚ್ ಆಫ್ ಡೈಮ್ಸ್ ಎಂಬ ಅಮೆರಿಕದ ಸಂಸ್ಥೆ ಪ್ರಕಟಿಸಿದ ವರದಿಯಂತೆ ನೂರು ಶಿಶುಗಳಲ್ಲಿ ಸುಮಾರು ಆರು ಶಿಶುಗಳಿಗೆ ಗಂಭೀರ ಹುಟ್ಟು ದೋಷವಿರುತ್ತದೆ. ಅವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ತಡೆಯಬಹುದಾದದ್ದು ಅಥವಾ ಚಿಕಿತ್ಸೆಯಿಂದ ಸುಧಾರಿಸಬಹುದಾದದ್ದು ನೂರಕ್ಕೆ ಎಪ್ಪತ್ತರವರೆಗೆ ಇದೆ ಎಂದೂ ಆ ವರದಿ ಹೇಳಿತು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಇದಕ್ಕಾಗಿಯೇ ನಿರ್ಣಯ ಮಾಡಿತು. ನಿರ್ಣಯಗಳು ಜಿನೀವಾದಲ್ಲಿ ಆಗುತ್ತವೆ, ಮಾತ್ರೆ ನುಂಗಬೇಕಾದವಳು ತಿಕೋಟಾದಲ್ಲಿರುತ್ತಾಳೆ.

ಆದ್ದರಿಂದ ನನ್ನ ಮಾತು ಇಷ್ಟೇ: ಈ ಮಾತ್ರೆಯ ಜಾಗ ತಾಯಿ ಕಾರ್ಡಿನ ಜೊತೆಯಲ್ಲಲ್ಲ, ಮದುಮಗಳ ಪೆಟ್ಟಿಗೆಯಲ್ಲಿ.

ನಿಕಾಹ್ ನಿಶ್ಚಯವಾದ ಮನೆಯಲ್ಲಿ ಎಷ್ಟು ಪಟ್ಟಿಗಳು! ಸೀರೆ ಎಷ್ಟು, ಪಾತ್ರೆ ಎಷ್ಟು, ಮೆಹಂದಿ ಯಾರು ಹಾಕುವುದು, ವಲೀಮಾಕ್ಕೆ ಎಷ್ಟು ಜನ. ಆ ಪಟ್ಟಿಯಲ್ಲಿ ಫೋಲಿಕ್ ಆಮ್ಲದ ಮಾತ್ರೆಯನ್ನೂ ಒಂದು ಸಾಲು ಬರೆಯಿರಿ. ಮದುವೆಗೆ ಒಂದು ತಿಂಗಳು ಮುಂಚೆ ಶುರು ಮಾಡಿ, ಗರ್ಭ ನಿಂತ ಮೇಲೂ ಮೂರು ತಿಂಗಳು ದಿನಾ ಒಂದು. ಸಾಮಾನ್ಯ ಹೆಣ್ಣುಮಕ್ಕಳಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು 5 ಮಿಲಿಗ್ರಾಂನದು. ಅಷ್ಟು ದೊಡ್ಡ ಪ್ರಮಾಣ ಹಿಂದೆ ಇಂಥ ಮಗು ಹುಟ್ಟಿದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ, ಅಪಸ್ಮಾರದ ಮಾತ್ರೆ ತೆಗೆದುಕೊಳ್ಳುವವರಿಗೆ ವೈದ್ಯರು ಬರೆಯುವಂಥದ್ದು. ಅಪಸ್ಮಾರದ ಮಾತ್ರೆಯನ್ನು ಹೆದರಿ ನೀವಾಗಿ ನಿಲ್ಲಿಸಬೇಡಿ, ಬದಲಿಸಬೇಕೇ ಎಂದು ಮದುವೆಗೆ ಮುಂಚೆಯೇ ವೈದ್ಯರನ್ನು ಕೇಳಿ. ಖರ್ಚೇನೂ ದೊಡ್ಡದಲ್ಲ, ದಿನಕ್ಕೆ ಒಂದು ಚಹಾದ ದುಡ್ಡೂ ಆಗದು.

ಗಂಡ ಗಲ್ಫ್‌ನಲ್ಲಿರುವ ಸಹೋದರಿಯರು ಈ ಪತ್ರಿಕೆ ಓದುವವರಲ್ಲಿ ಬಹಳ ಇದ್ದೀರಿ. ನಿಮಗೆ ಸುಲಭವಾದ ಗುರುತು ಹೇಳುತ್ತೇನೆ. ಅವರು ರಜೆಗೆ ಟಿಕೆಟ್ ಮಾಡಿಸಿದೆ ಎಂದು ಫೋನು ಮಾಡಿದ ದಿನ ನೀವು ಮಾತ್ರೆ ಶುರು ಮಾಡಿ.

ಇದಕ್ಕೆ ಮನೆಯಲ್ಲಿ ಅಡ್ಡಿ ಬರುತ್ತದೆ ಎಂದು ಗೊತ್ತು. ಹೊಸ ಸೊಸೆ ದಿನಾ ಒಂದು ಮಾತ್ರೆ ನುಂಗುವುದನ್ನು ಕಂಡರೆ ಅತ್ತೆಗೆ ಮೊದಲು ಬರುವ ಅನುಮಾನ, ಮಕ್ಕಳಾಗದ ಮಾತ್ರೆಯೋ ಏನೋ ಎಂದು. ಕದ್ದು ನುಂಗುವ ಪರಿಸ್ಥಿತಿ ಬರಬಾರದು. ಹಾಗಾಗಿ ಮಾತ್ರೆಯನ್ನು ಅತ್ತೆಯೇ ತಂದುಕೊಡಲಿ ಎನ್ನುತ್ತೇನೆ. ಈ ಪುಟವನ್ನು ಅತ್ತೆಯಾಗಲಿರುವ ಸಹೋದರಿಯರೂ ಓದುತ್ತಿದ್ದಾರೆ ಎಂಬ ಭರವಸೆ ನನಗಿದೆ. ನಮ್ಮ ಜಮಾಅತ್‌ನವರೂ ಮನಸ್ಸು ಮಾಡಬಹುದು. ನಿಕಾಹ್‌ನ ಹೆಸರು ಬರೆಸಲು ಹುಡುಗಿಯ ತಂದೆ ಮಸೀದಿಗೆ ಬರುತ್ತಾರಲ್ಲ, ಆಗ ಒಂದು ಚೀಟಿ ಅವರ ಕೈಗೆ ಕೊಡಲು ಎಷ್ಟು ಹೊತ್ತು ಬೇಕು?

ಊಟದಿಂದಲೇ ಆಗುವುದಿಲ್ಲವೇ ಎಂದು ಕೇಳುತ್ತೀರಿ. ಮೆಂತ್ಯ, ಪಾಲಕ್, ರಾಜಗಿರಿ ಸೊಪ್ಪುಗಳಲ್ಲಿ, ಹೆಸರುಕಾಳು, ಕಡಲೆ, ಶೇಂಗಾಗಳಲ್ಲಿ ಇದು ಇದೆ. ಆದರೆ ಸೊಪ್ಪನ್ನು ಬಹಳ ಹೊತ್ತು ಕುದಿಸಿ ನೀರು ಚೆಲ್ಲಿದರೆ ಬಹುಪಾಲು ಹೋಗಿಬಿಡುತ್ತದೆ. ಅಮೆರಿಕದಲ್ಲಿ 1998ರಿಂದ, ಚಿಲಿ ದೇಶದಲ್ಲಿ 2000ದಿಂದ ಹಿಟ್ಟಿನಲ್ಲೇ ಇದನ್ನು ಬೆರೆಸುವ ಕಾನೂನು ಮಾಡಿದರು, ಬ್ರೆಡ್ ತಿಂದವರಿಗೆಲ್ಲ ತಾನಾಗಿ ಸಿಕ್ಕಿತು. ನಮ್ಮ ಕಡೆ ಅದು ನಡೆಯುವುದಿಲ್ಲ. ನಾವು ತಿನ್ನುವುದು ಜೋಳದ ರೊಟ್ಟಿ. ಜೋಳ ದೊಡ್ಡ ಕಾರ್ಖಾನೆಗೆ ಹೋಗುವುದಿಲ್ಲ, ಡಬ್ಬಿಯಲ್ಲಿ ತುಂಬಿ ಓಣಿಯ ಗಿರಣಿಗೆ ಕೊಡುತ್ತೇವೆ. ಅಲ್ಲಿ ಯಾರು ಏನು ಬೆರೆಸಬೇಕು? ರೇಷನ್ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಸೇರಿಸಿದ ಕಾಳುಗಳನ್ನು ಬೆರೆಸಲು ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಬಂದಾಗ ನಮ್ಮ ಹೆಂಗಸರು ಮಾಡಿದ್ದೇನು? ಪ್ಲಾಸ್ಟಿಕ್ ಅಕ್ಕಿ ಎಂದು ಆ ಕಾಳುಗಳನ್ನೇ ಒಂದೊಂದಾಗಿ ಆರಿಸಿ ಎಸೆದರು! ನಾನೂ ಒಂದು ಸಲ ಎಸೆದವಳೇ, ಸುಳ್ಳೇಕೆ ಹೇಳಲಿ.

ಕಟ್ಟೆಯ ಮೇಲಿನ ಅತ್ತೆ ಮಾತಿನ ನಡುವೆ ಇನ್ನೊಂದು ವಿಷಯ ಹೇಳಿದರು. "ಬ್ಯಾರೆಯವರ ಮಗಳಲ್ರಿ ಇಕಿ, ನಮ್ಮ ತಮ್ಮನ ಮಗಳು." ಅಂದರೆ ಆಕೆ ಆ ಹುಡುಗಿಗೆ ಅತ್ತೆಯಾಗುವ ಮುಂಚೆ ಫೂಫಿ. ಎತ್ತಿ ಆಡಿಸಿದ ಹುಡುಗಿಯ ಮೇಲೆ ಆಕೆ ಈಳಿಗೆಯ ಆರೋಪ ಹೊರಿಸಿದ್ದರು.

ಸಂಬಂಧದೊಳಗಿನ ಮದುವೆಯ ಬಗ್ಗೆ ಮಾತಾಡಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಇದು ನಮ್ಮ ಸಮುದಾಯದ ಮೇಲಿನ ಟೀಕೆ ಎಂದು. ನಿಜ ಹಾಗಿಲ್ಲ. ಕರ್ನಾಟಕದಲ್ಲಿ ಇದು ಎಲ್ಲರ ಪದ್ಧತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 27 ಹೆಂಗಸರು ರಕ್ತಸಂಬಂಧಿಯನ್ನು ಮದುವೆಯಾದವರು, ಇಡೀ ದೇಶದಲ್ಲಿ ಇದು 11. ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ನಮ್ಮ ಅನೇಕ ನೆರೆಯವರಲ್ಲಿದೆ, ನಮಗೆ ಕುರ್‌ಆನ್ ಅದನ್ನು ನಿಷೇಧಿಸಿದೆ. ಚಾಚಾ, ಮಾಮು, ಖಾಲಾ, ಫೂಫಿಯರ ಮಕ್ಕಳ ನಡುವಿನ ಮದುವೆಗೆ ಅನುಮತಿ ಇದೆ. ಅನುಮತಿ ಎಂದರೆ ಆದೇಶವಲ್ಲ. ಹತ್ತಿರದಲ್ಲಿ ಮದುವೆಯಾಗಬೇಡಿ ಎಂಬ ಒಂದು ಮಾತನ್ನು ಹದೀಸ್ ಎಂದು ಹೇಳುವವರಿದ್ದಾರೆ, ವಿದ್ವಾಂಸರು ಅದಕ್ಕೆ ಆಧಾರವಿಲ್ಲ ಎಂದಿದ್ದಾರೆ. ಇಲ್ಲದ ಹದೀಸನ್ನು ಹಿಡಿದು ಹೆದರಿಸುವುದು ನನಗೆ ಬೇಕಿಲ್ಲ, ಲೆಕ್ಕವೇ ಸಾಕು.

ಇಂಗ್ಲೆಂಡಿನ ಬ್ರಾಡ್‌ಫೋರ್ಡ್‌ನಲ್ಲಿ ಪಾಕಿಸ್ತಾನ ಮೂಲದ ಮುಸ್ಲಿಮರು ಬಹಳ ಇದ್ದಾರೆ. ಅಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಶಿಶುಗಳ ಅಧ್ಯಯನ ನಡೆದು 2013ರಲ್ಲಿ ಪ್ರಕಟವಾಯಿತು. ಸಂಬಂಧವಿಲ್ಲದ ತಂದೆತಾಯಿಯರಲ್ಲಿ ಹುಟ್ಟು ದೋಷ ನೂರಕ್ಕೆ ಸುಮಾರು 3 ಇದ್ದರೆ, ಸೋದರ ಸಂಬಂಧದ ಜೋಡಿಗಳಲ್ಲಿ 6. ಇದನ್ನು ಎರಡು ಕಡೆಯಿಂದಲೂ ಓದಬೇಕು. ಅಪಾಯ ಎರಡರಷ್ಟಾಗುವುದು ನಿಜ. ನೂರರಲ್ಲಿ 94 ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ ಎಂಬುದೂ ನಿಜ. ಒಂದು ಸಲ ಸಂಬಂಧದಲ್ಲಿ ಮದುವೆಯಾದವರು ಕೊರಗಬೇಕಾಗಿಲ್ಲ. ಆದರೆ ಅಜ್ಜನ ಕಾಲದಿಂದ ಅದೇ ಎರಡು ಮನೆಗಳ ನಡುವೆ ಹೆಣ್ಣು ಕೊಟ್ಟು ತಂದು ಮಾಡುತ್ತಿದ್ದರೆ, ಮನೆತನದಲ್ಲಿ ಕಿವುಡುತನ, ರಕ್ತದ ಕಾಯಿಲೆ, ಬುದ್ಧಿ ಬೆಳೆಯದ ಮಕ್ಕಳು ಆಗಲೇ ಇದ್ದರೆ, ಅಲ್ಲಿ ಇನ್ನೊಂದು ಗಂಟು ಹಾಕುವ ಮುಂಚೆ ಹತ್ತು ಸಲ ಯೋಚಿಸಿ. ಆಸ್ತಿ ಹೊರಗೆ ಹೋಗಬಾರದೆಂದು ಮಾಡುವ ಮದುವೆಗಳ ಬಗ್ಗೆ ನಾನು ಹೇಳುವುದು ಇಷ್ಟೇ, ಆ ಆಸ್ತಿ ಕೊನೆಗೆ ಆಸ್ಪತ್ರೆಗೆ ಹೋದದ್ದನ್ನು ಕಂಡಿದ್ದೇನೆ.

ಬ್ರಾಡ್‌ಫೋರ್ಡ್‌ನಲ್ಲಿ ಮುಂದೆ ಏನಾಯಿತು ಗೊತ್ತೇ? ಯಾರೂ ಕಾನೂನು ಮಾಡಲಿಲ್ಲ. ಆದರೂ ಅಲ್ಲಿನ ಪಾಕಿಸ್ತಾನಿ ಮೂಲದ ತಾಯಂದಿರಲ್ಲಿ ಸೋದರ ಸಂಬಂಧದ ಮದುವೆ ಹತ್ತು ವರ್ಷಗಳಲ್ಲಿ ನೂರಕ್ಕೆ 62ರಿಂದ 46ಕ್ಕೆ ಇಳಿದಿದೆ ಎಂದು 2023ರಲ್ಲಿ ವರದಿಯಾಯಿತು. ಮುಸ್ಲಿಮ್ ದೇಶಗಳಲ್ಲಿ ಇರಾನ್ 1997ರಿಂದ, ಸೌದಿ ಅರೇಬಿಯಾ 2004ರಿಂದ ಮದುವೆಗೆ ಮುಂಚೆ ಥಲಸ್ಸೇಮಿಯಾದಂಥ ರಕ್ತದ ಕಾಯಿಲೆಗಳ ಪರೀಕ್ಷೆಯನ್ನು ಕಡ್ಡಾಯ ಮಾಡಿವೆ. ಗಂಡು ಹೆಣ್ಣು ಇಬ್ಬರೂ ಅದೇ ಕಾಯಿಲೆಯ ವಾಹಕರಾದರೆ ಮಾತ್ರ ಅಪಾಯ. ನಮ್ಮಲ್ಲಿ ಹುಡುಗನ ಸಂಬಳ ವಿಚಾರಿಸುತ್ತೇವೆ, ಹುಡುಗಿಯ ಬಣ್ಣ ನೋಡುತ್ತೇವೆ. ಒಂದು ರಕ್ತಪರೀಕ್ಷೆ ಮಾಡಿಸೋಣ ಎಂದರೆ ಮಾತ್ರ ಅವಮಾನವಾಗಿಬಿಡುತ್ತದೆ.

ಇನ್ನು ರುಬೆಲ್ಲಾ. ಮೈಮೇಲೆ ಸಣ್ಣ ಗುಳ್ಳೆ, ಎರಡು ದಿನ ಜ್ವರ, ಅಷ್ಟೇ. ಆದರೆ ಬಸಿರಿನ ಮೊದಲ ಮೂರು ತಿಂಗಳಲ್ಲಿ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯ ಮೂರಕ್ಕೂ ಕೇಡು. ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ 1941ರಲ್ಲೇ ಇದನ್ನು ಗುರುತಿಸಿದ್ದ. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದವರೆಗಿನ ಎಲ್ಲ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿದಾಗ, ಇದರಿಂದ ಹೆಣ್ಣುಮಕ್ಕಳಿಗೆ ಮಕ್ಕಳಾಗುವುದಿಲ್ಲ ಎಂದು ಮೊಬೈಲಿನಲ್ಲಿ ಸುದ್ದಿ ಹಬ್ಬಿತು. ಆ ದಿನ ಮಗಳನ್ನು ಶಾಲೆಗೆ ಕಳಿಸದವರು ನಮ್ಮಲ್ಲಿದ್ದಾರೆ. ಆ ಹುಡುಗಿಯರು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. ಲಸಿಕೆ ಈಗಲೂ ಹಾಕಿಸಬಹುದು. ಬಸಿರಿನಲ್ಲಿ ಹಾಕುವಂತಿಲ್ಲ, ಹಾಕಿಸಿದ ಮೇಲೆ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಅಂದರೆ ಇದೂ ಮದುವೆಗೆ ಮುಂಚಿನ ಕೆಲಸವೇ.

ಎಲ್ಲವನ್ನೂ ತಾಯಿಯ ತಲೆಗೆ ಕಟ್ಟುವುದೂ ಸರಿಯಲ್ಲ. ಕಾಸರಗೋಡಿನ ಕನ್ನಡದ ಹಳ್ಳಿಗಳಲ್ಲಿ ಏನಾಯಿತೆಂದು ಕರಾವಳಿಯ ಸಹೋದರಿಯರಿಗೆ ನಾನು ಹೇಳಬೇಕಾಗಿಲ್ಲ. ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ಎಂಡೋಸಲ್ಫಾನ್ ಸುರಿಯಿತು. ಪಡ್ರೆ ಗ್ರಾಮದಲ್ಲಿ ಅಂಗವಿಕಲ ಮಕ್ಕಳು ಒಂದೇ ಕಡೆ ಇಷ್ಟೊಂದು ಏಕೆ ಹುಟ್ಟುತ್ತಿದ್ದಾರೆ ಎಂದು ಮೊದಲು ಕೇಳಿದವರಲ್ಲಿ ಹಳ್ಳಿಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಇದ್ದರು. ಸಿಂಪಡಣೆ ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿದ್ದು 2011ರಲ್ಲಿ. ಅಲ್ಲಿಯೂ ಮೊದಲು ಜನ ದೈವದ ಶಾಪ ಎಂದೇ ಅಂದುಕೊಂಡಿದ್ದರು. ನಮ್ಮ ತಿಕೋಟಾ ಭಾಗದಲ್ಲಿ ದ್ರಾಕ್ಷಿ ತೋಟಗಳಿವೆ, ಔಷಧಿ ಹೊಡೆಯುವುದು ಅಲ್ಲಿ ದಿನದ ಮಾತು. ಬಸುರಿ ಹೆಂಗಸರು, ಬಸಿರಿನ ನಿರೀಕ್ಷೆಯಲ್ಲಿರುವವರು ಆ ಹೊತ್ತಿಗೆ ತೋಟದಲ್ಲಿರದಂತೆ ನೋಡಿಕೊಳ್ಳಿ, ಔಷಧಿ ಡಬ್ಬವನ್ನು ತೊಳೆದು ನೀರು ತುಂಬಿಡಬೇಡಿ.

ಮಗು ಹುಟ್ಟಿದ ಮೇಲೆ? ಮುಚ್ಚಬೇಡಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಹುಟ್ಟಿದಾಗಿನಿಂದ ಹದಿನೆಂಟು ವರ್ಷದವರೆಗೆ ಮಕ್ಕಳ ತಪಾಸಣೆ, ಆಮೇಲಿನ ಚಿಕಿತ್ಸೆ ಉಚಿತ. ಬೆನ್ನಿನ ಗುಳ್ಳೆ, ಸೀಳು ತುಟಿ, ಸೊಟ್ಟ ಪಾದ, ಹುಟ್ಟು ಕಿವುಡು, ಹುಟ್ಟು ಪೊರೆ, ಹೃದಯದ ರಂಧ್ರ ಎಲ್ಲವೂ ಅದರ ಪಟ್ಟಿಯಲ್ಲಿವೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೂ ಆಶಾ ಆರು ಸಲ ಬರುತ್ತಾಳೆ. ಆಕೆಯ ಮುಂದೆ ಮಗುವಿನ ಬಟ್ಟೆ ಬಿಚ್ಚಿ ತೋರಿಸಿ. ಸೊಟ್ಟ ಪಾದಕ್ಕೆ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತ ನೇರ ಮಾಡುವ ಪೊನ್ಸೆಟಿ ಎಂಬ ವಿಧಾನವಿದೆ, ಹೆಚ್ಚಿನ ಮಕ್ಕಳಿಗೆ ದೊಡ್ಡ ಆಪರೇಷನ್ ಬೇಕಾಗುವುದಿಲ್ಲ. ಆದರೆ ಆಮೇಲೆ ರಾತ್ರಿ ಹೊತ್ತು ಬೂಟು ಹಾಕಿಸುವುದನ್ನು ನಾಲ್ಕು ವರ್ಷದವರೆಗೆ ಬಿಡಬಾರದು. ಮಗು ಅಳುತ್ತದೆಂದು ಅಜ್ಜಿ ಬೂಟು ಬಿಚ್ಚಿದರೆ ಪಾದ ಮತ್ತೆ ತಿರುಗುತ್ತದೆ. ಸೀಳು ತುಟಿಗೆ ಮೂರರಿಂದ ಆರು ತಿಂಗಳೊಳಗೆ ಆಪರೇಷನ್, ಅದಕ್ಕೂ ಉಚಿತ ವ್ಯವಸ್ಥೆಗಳಿವೆ.

ಬೆನ್ನಿನ ಗುಳ್ಳೆಯ ಬಗ್ಗೆ ಮುಖ್ಯವಾದ ಮಾತು. ಅದಕ್ಕೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಒತ್ತಬೇಡಿ, ಒಡೆಯಬೇಡಿ. ಮಗುವನ್ನು ಮಗ್ಗುಲಲ್ಲಿ ಅಥವಾ ಬೋರಲು ಮಲಗಿಸಿ, ಗುಳ್ಳೆಯ ಮೇಲೆ ಶುಭ್ರವಾದ ಒದ್ದೆ ಬಟ್ಟೆ ಹಾಕಿ, ಹುಟ್ಟಿದ ದಿನವೇ ಜಿಲ್ಲಾಸ್ಪತ್ರೆಗೆ ಅಥವಾ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋಗಿ. ಇಪ್ಪತ್ತು ದಿನ ಕಾಯಬಾರದಿತ್ತು. ಆ ಮನೆಯವರು ಕಾದದ್ದು ನಲವತ್ತು ದಿನ ಮುಗಿಯಲಿ ಎಂದು, ಓಣಿಯವರ ಕಣ್ಣಿಗೆ ಬೀಳಬಾರದೆಂದು.

ಸ್ಕ್ಯಾನಿಂಗ್‌ನಲ್ಲಿ ಮೊದಲೇ ಗೊತ್ತಾದರೆ ಏನು ಮಾಡಬೇಕು ಎಂದು ಬಹಳ ಜನ ಕೇಳುತ್ತೀರಿ. 11ರಿಂದ 13 ವಾರದ ನಡುವೆ ಒಂದು, 18ರಿಂದ 20 ವಾರದ ನಡುವೆ ಒಂದು ಸ್ಕ್ಯಾನ್ ತಪ್ಪಿಸಬೇಡಿ. ಅದು ಗಂಡು ಹೆಣ್ಣು ತಿಳಿಯಲಿಕ್ಕಲ್ಲ, ಆ ಪ್ರಶ್ನೆ ಕೇಳುವುದೂ ಅಪರಾಧ. ಗಂಭೀರ ದೋಷ ಖಚಿತವಾದಾಗ 120 ದಿನಗಳೊಳಗೆ, ವಿಶ್ವಾಸಾರ್ಹ ವೈದ್ಯರ ಸಮಿತಿಯ ಅಭಿಪ್ರಾಯ ಮತ್ತು ತಂದೆತಾಯಿಯರ ಇಚ್ಛೆಯ ಮೇಲೆ ಗರ್ಭ ತೆಗೆಸಲು ಅವಕಾಶವಿದೆ ಎಂದು ಮಕ್ಕಾದ ಫಿಕ್ಹ್ ಪರಿಷತ್ತು 1990ರಲ್ಲಿ ತೀರ್ಮಾನಿಸಿತು. ಎಲ್ಲ ಆಲಿಮರ ಅಭಿಪ್ರಾಯ ಒಂದೇ ಅಲ್ಲ. ನಮ್ಮ ದೇಶದ ಕಾನೂನಿನಲ್ಲಿ 2021ರ ತಿದ್ದುಪಡಿಯಂತೆ, 24 ವಾರ ದಾಟಿದ ಮೇಲೂ ಇಂಥ ಸಂದರ್ಭಗಳಲ್ಲಿ ವೈದ್ಯಕೀಯ ಮಂಡಳಿ ನಿರ್ಧರಿಸಬಹುದು. ಈ ತೀರ್ಮಾನ ಆ ತಂದೆತಾಯಿಗೆ ಬಿಟ್ಟದ್ದು. ಪಕ್ಕದ ಮನೆಯವರಿಗೆ ಅದರಲ್ಲಿ ಕೆಲಸವಿಲ್ಲ. ಆದರೆ ಮೊದಲ ಸ್ಕ್ಯಾನನ್ನೇ ತಪ್ಪಿಸಿದವರಿಗೆ ಯೋಚಿಸಲು ಸಮಯವೇ ಸಿಗುವುದಿಲ್ಲ, ಅದು ನನ್ನ ಚಿಂತೆ.

ಕಟ್ಟೆಯ ಮೇಲೆ ಕೂತು ಇದರಲ್ಲಿ ಅರ್ಧವನ್ನೂ ನಾನು ಹೇಳಲಾಗಲಿಲ್ಲ. ಐದನೇ ತಿಂಗಳ ಗ್ರಹಣಕ್ಕೂ ಮೊದಲ ತಿಂಗಳ ಬೆನ್ನಿಗೂ ಸಂಬಂಧವಿಲ್ಲ ಎಂಬುದನ್ನು ಮಾತ್ರ ಎರಡು ಮೂರು ಸಲ ಹೇಳಿದೆ. ಅತ್ತೆ ಒಪ್ಪಿದರೋ ಇಲ್ಲವೋ ತಿಳಿಯದು. ಸೊಸೆ ಮಾತ್ರ ಮೊದಲ ಸಲ ತಲೆ ಎತ್ತಿ ಅವರ ಮುಖ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು, "ಮುಂದಿನ ಕೂಸಿಗೂ ಹಿಂಗ ಆಗ್ತೈತೇನ್ರಿ?"

1991ರ ಆ ಪರೀಕ್ಷೆಯಲ್ಲಿ, ಒಮ್ಮೆ ಇಂಥ ಮಗು ಹುಟ್ಟಿದ ತಾಯಂದಿರಲ್ಲಿ ಮಾತ್ರೆ ಇಲ್ಲದೆ ನೂರಕ್ಕೆ ಮೂರೂವರೆ ಮಕ್ಕಳಿಗೆ ಮತ್ತೆ ಹಾಗಾಗಿತ್ತು, ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ ಒಂದು. ಅವಳಿಗೆ ಈ ಅಂಕಿಗಳನ್ನೇ ಹೇಳಿದೆ. ಮುಂದಿನ ಬಸಿರಿಗೆ ಒಂದು ತಿಂಗಳು ಮುಂಚೆಯೇ ದೊಡ್ಡ ಮಾತ್ರೆ ಬೇಕು, ವೈದ್ಯರಿಂದ ಬರೆಸಿಕೊ, ಈ ಮಗುವಿನ ಚೀಟಿಗಳನ್ನು ಎಸೆಯದೆ ಇಟ್ಟುಕೊ ಎಂದೆ. ಅಷ್ಟರಲ್ಲಿ ಆಟೋ ಬಂತು. ಅಂಗಡಿಯಾತ ಹೇಳಿದ ದೊಡ್ಡ ಆಸ್ಪತ್ರೆಯ ದಾರಿಯನ್ನು ಅತ್ತೆ ಆಟೋದವನಿಗೆ ಒಪ್ಪಿಸುತ್ತ, ಮಗುವನ್ನು ತಾವೇ ಎತ್ತಿಕೊಂಡು ಹತ್ತಿದರು. ಬೋರಲು ಹಾಕಿಕೊಳ್ಳಿ ಎಂದು ಕೂಗಿ ಹೇಳಿದೆ.

ಮುಂದಿನ ಸಂಚಿಕೆಯಲ್ಲಿ ಶಿಶುಗಳ ಕಿವಿ ಪರೀಕ್ಷೆಯ ಬಗ್ಗೆ ಬರೆಯುತ್ತೇನೆ, ಇನ್‌ಶಾ ಅಲ್ಲಾಹ್. ಕರೆದರೆ ತಿರುಗದ ಮಗು ನಿಮ್ಮ ಮನೆಯಲ್ಲಿದ್ದರೆ ಅಲ್ಲಿಯವರೆಗೆ ಕಾಯಬೇಡಿ, ಈ ವಾರವೇ ತೋರಿಸಿ.